142 ಡಿಬಿಗೇ ನಿಂತುಬಿಟ್ಟಿದೆ: ಕಾರಿನ ಗಟ್ಟಿ ಸದ್ದಿನ ಸ್ಪರ್ಧೆಗೆ ಸಬ್‌ವೂಫರ್ ಟ್ಯೂನಿಂಗ್ ಎಲ್ಲಿಂದ ಶುರು ಮಾಡಬೇಕು?

ಡಿಕ್ಕಿ_ಗುಡುಗು:

ಎಲ್ಲರಿಗೂ ನಮಸ್ಕಾರ. ಹ್ಯಾಚ್‌ಬ್ಯಾಕ್ ಕಾರು. 12 ಇಂಚಿನ ಎರಡು ವೂಫರ್, ಎರಡೂ ಡ್ಯುಯಲ್ 4 ಓಮ್. ನಾಲ್ಕೂ ಕಾಯಿಲ್ ಪ್ಯಾರಲಲ್ ಮಾಡಿ ಆಂಪ್‌ಗೆ (ಆಂಪ್ಲಿಫೈಯರ್‌ಗೆ) 1 ಓಮ್ ಕೊಟ್ಟಿದ್ದೇನೆ. ಆಂಪ್ ಮೋನೋ ಕ್ಲಾಸ್ ಡಿ, 14.4 ವೋಲ್ಟ್‌ನಲ್ಲಿ 1 ಓಮ್‌ಗೆ 3000 ವ್ಯಾಟ್. ಬಾಕ್ಸ್ ನಿವ್ವಳ 110 ಲೀಟರ್, ಸ್ಲಾಟ್ ಪೋರ್ಟ್ (ಬಾಕ್ಸ್‌ನ ಗಾಳಿ ಹೊರಬರೋ ಸೀಳು ದಾರಿ) 330 ಚದರ ಸೆಂಮೀ, ಉದ್ದ 62 ಸೆಂಮೀ, ಟ್ಯೂನಿಂಗ್ 34 ಹರ್ಟ್ಜ್. ಹಾಡು ಕೇಳೋಕೆ ಅಂತ ಕಟ್ಟಿದ ಬಾಕ್ಸ್ ಇದು.

ಸೆನ್ಸರ್ ಮುಂದಿನ ಗ್ಲಾಸ್ ಮೇಲೆ, ಪಕ್ಕದ ಸೀಟಿನ ಕಡೆ, ಡ್ಯಾಶ್‌ನಿಂದ 4 ಇಂಚು ಮೇಲೆ, ಪಿಲ್ಲರ್‌ನಿಂದ 12 ಇಂಚು ಒಳಗೆ. ಟರ್ಮ್‌ಲ್ಯಾಬ್‌ನಲ್ಲಿ (ಸ್ಪರ್ಧೆಯಲ್ಲಿ ಬಳಸೋ ಶಬ್ದ ಒತ್ತಡದ ಮೀಟರ್) ಬಂದ ಅಂಕಿ ಇವು, ಡಿಬಿಯಲ್ಲಿ:

34 ಹರ್ಟ್ಜ್ – 138.2
38 ಹರ್ಟ್ಜ್ – 140.6
42 ಹರ್ಟ್ಜ್ – 142.1
44 ಹರ್ಟ್ಜ್ – 142.4
47 ಹರ್ಟ್ಜ್ – 141.9
50 ಹರ್ಟ್ಜ್ – 141.2
55 ಹರ್ಟ್ಜ್ – 138.5

ಎಂಜಿನ್ ಐಡಲ್‌ನಲ್ಲಿದ್ದಾಗ ಆಂಪ್ ಟರ್ಮಿನಲ್‌ನಲ್ಲಿ 13.9 ವೋಲ್ಟ್, ಟೋನ್ ಬಿಟ್ಟ ತಕ್ಷಣ 12.7. ಮುಂದೊಂದು, ಹಿಂದೊಂದು ಎಜಿಎಂ ಬ್ಯಾಟರಿ (ಸೀಸ-ಆಮ್ಲದ ಬ್ಯಾಟರಿಯ ಒಂದು ಬಗೆ). 1/0 ಗೇಜ್ ಸಿಸಿಎ ವೈರ್, 5 ಮೀಟರ್. ನಮ್ಮ ಕ್ಲಾಸ್‌ನಲ್ಲಿ ಎರಡೇ ವೂಫರ್, ಒಂದೇ ಆಂಪ್. ಸೀಟ್ ಬಿಚ್ಚೋ ಹಾಗಿಲ್ಲ, ವಾಲ್ (ಕಾರಿನೊಳಗೆ ಗೋಡೆಯಂತೆ ಅಡ್ಡಲಾಗಿ ಕಟ್ಟೋ ದೊಡ್ಡ ಬಾಕ್ಸ್) ಕಟ್ಟೋ ಹಾಗಿಲ್ಲ. 147 ಮುಟ್ಟಬೇಕು. 5000 ವ್ಯಾಟ್ ಆಂಪ್ ಹಾಕಿದರೆ ಆಗುತ್ತಾ?

ಪೋರ್ಟ್‌ಲೆಕ್ಕ:

ಆಂಪ್ ಈಗ ಬೇಡ. 3000ದಿಂದ 5000ಕ್ಕೆ ಹೋದರೆ ಕಾಗದದ ಮೇಲೆಯೇ ಸಿಗೋದು 2.2 ಡಿಬಿ. ಅದೂ ಈಗಿನ ಆಂಪ್ ಪೂರ್ತಿ 3000 ಕೊಡ್ತಾ ಇದ್ದರೆ. ಕೊಡ್ತಿಲ್ಲ ಅಂತ ನನ್ನ ಅನುಮಾನ.

ಮೊದಲು ಒಂದು ಅಳತೆ ಮಾಡಿ. ಆಂಪ್‌ನ ಸ್ಪೀಕರ್ ಟರ್ಮಿನಲ್‌ಗೆ ಟ್ರೂ ಆರ್‌ಎಂಎಸ್ ಮಲ್ಟಿಮೀಟರ್ ಹಾಕಿ ಎಸಿ ವೋಲ್ಟ್‌ಗೆ ಇಡಿ. ಎಸಿ ಕರೆಂಟ್ ಅಳೆಯುವ ಕ್ಲಾಂಪ್ ಮೀಟರನ್ನು ಒಂದೇ ಒಂದು ಸ್ಪೀಕರ್ ವೈರ್ ಸುತ್ತ ಹಾಕಿ. ಪ್ಲಸ್ ಮೈನಸ್ ಎರಡನ್ನೂ ಸೇರಿಸಿ ಹಿಡಿದರೆ ಸೊನ್ನೆ ತೋರಿಸುತ್ತೆ. ಬಾಗಿಲು ಮುಚ್ಚಿ 44 ಹರ್ಟ್ಜ್ ಟೋನ್ ಬಿಡಿ. ವೋಲ್ಟನ್ನು ಆಂಪಿಯರ್‌ನಿಂದ ಭಾಗಿಸಿದರೆ ಆ ಫ್ರೀಕ್ವೆನ್ಸಿಯಲ್ಲಿ ನಿಜವಾದ ಇಂಪಿಡೆನ್ಸ್ (ಎಸಿ ಕರೆಂಟ್‌ಗೆ ವೂಫರ್‌ಗಳು ಒಡ್ಡೋ ಒಟ್ಟು ತಡೆ). ಎರಡನ್ನೂ ಗುಣಿಸಿದರೆ ವಿಎ (ವೋಲ್ಟ್-ಆಂಪಿಯರ್). ನಿಜವಾದ ವ್ಯಾಟ್ ಅದಕ್ಕಿಂತಲೂ ಕಡಿಮೆ, ಏಕೆಂದರೆ ವೋಲ್ಟೇಜೂ ಕರೆಂಟೂ ಒಂದೇ ಹೆಜ್ಜೆಯಲ್ಲಿ ಇರೋದಿಲ್ಲ. ಬರ್ಪ್ (ಪೂರ್ತಿ ಸದ್ದಿನಲ್ಲಿ ಚುಟುಕಾಗಿ ಬಿಡೋ ಒಂದು ಟೋನ್) 2–3 ಸೆಕೆಂಡ್ ಸಾಕು, ಮೀಟರ್‌ಗೆ ಮ್ಯಾಕ್ಸ್ ಹೋಲ್ಡ್ ಇದ್ದರೆ ಒಳ್ಳೇದು.

ಇದೇ ಅಳತೆಯನ್ನು 36ರಿಂದ 54ರವರೆಗೆ ಎರಡೆರಡು ಹರ್ಟ್ಜ್‌ಗೆ ಮಾಡಿ ಪಟ್ಟಿ ಹಾಕಿ. ಮುಂದಿನದು ಆಮೇಲೆ.

ಡಿಕ್ಕಿ_ಗುಡುಗು:

44ರಲ್ಲಿ 48 ವೋಲ್ಟ್, 18.5 ಆಂಪಿಯರ್. ಅಂದರೆ 2.6 ಓಮ್, 888 ವಿಎ! ಮೂರು ಸಾವಿರದ ಆಂಪ್‌ನಿಂದ ಸಾವಿರವೂ ಬರ್ತಿಲ್ವಾ? 36ರಲ್ಲಿ 1.5 ಓಮ್ ಇತ್ತು, ಮೇಲೆ ಹೋದ ಹಾಗೆ ಏರುತ್ತಾ ಹೋಗಿ 50ರಲ್ಲಿ 3.4.

ಇನ್ನೊಂದು ಪ್ರಶ್ನೆ. ಟರ್ಮ್‌ಲ್ಯಾಬ್ ಪ್ರತಿ ಸಲ ಕೈಗೆ ಸಿಗಲ್ಲ. ಫೋನ್ ಆಪ್ ಸಾಕಾ?

ಪೋರ್ಟ್‌ಲೆಕ್ಕ:

ಆಂಪ್ ಸರಿಯಾಗೇ ಇದೆ. ಲೋಡ್ 2.6 ಓಮ್ ಆದಾಗ ಅದು 1 ಓಮ್‌ನ ಕರೆಂಟ್ ಕೊಡೋಕೆ ಸಾಧ್ಯವಿಲ್ಲ, ಅಷ್ಟೆ. 14.4 ವೋಲ್ಟ್‌ಗೆ 3000 ವ್ಯಾಟ್ ಅಂದರೆ ಔಟ್‌ಪುಟ್ ಸುಮಾರು 54.8 ವೋಲ್ಟ್. ನಿಮ್ಮ 12.7ಕ್ಕೆ ಅದು ಇಳಿದು 48 ಆಗುತ್ತೆ. ನೀವು ಅಳೆದದ್ದೂ ಅಷ್ಟೇ. ಅಂದರೆ ರೆಗ್ಯುಲೇಟ್ ಆಗದ ಆಂಪ್. ಒಳಗೆ ಬರೋ ವೋಲ್ಟೇಜ್ ಇಳಿದರೆ ಹೊರಗಿನದೂ ಅದೇ ಪ್ರಮಾಣದಲ್ಲಿ ಇಳಿಯುತ್ತೆ.

ಈಗ ನಿಮ್ಮ ಪಟ್ಟಿ ನೋಡಿ. ಕ್ಯಾಬಿನ್ ಗಟ್ಟಿಯಾಗಿ ಕೂಗೋದು 42ರಿಂದ 47ರೊಳಗೆ. ಬಾಕ್ಸ್ ಟ್ಯೂನ್ ಆಗಿರೋದು 34ಕ್ಕೆ. ಪೋರ್ಟೆಡ್ ಬಾಕ್ಸ್‌ನಲ್ಲಿ ಇಂಪಿಡೆನ್ಸ್‌ಗೆ ಎರಡು ಗುಡ್ಡ, ನಡುವೆ ಒಂದು ಕಣಿವೆ. ಕಣಿವೆಯ ತಳವೇ ಟ್ಯೂನಿಂಗ್ ಫ್ರೀಕ್ವೆನ್ಸಿ. ನೀವು 44ರಲ್ಲಿ ಬರ್ಪ್ ಮಾಡುವಾಗ ಎರಡನೇ ಗುಡ್ಡ ಹತ್ತುತ್ತಾ ಇದ್ದೀರಿ. ಪೋರ್ಟ್ ಆ ಹೊತ್ತಿಗೆ ಅರೆಮನಸ್ಸಿನಲ್ಲಿ ಕೆಲಸ ಮಾಡ್ತಿದೆ, ಆಂಪ್‌ಗೂ ಲೋಡ್ ಇಲ್ಲ. ಟ್ಯೂನಿಂಗ್ ಮೇಲಕ್ಕೆ ಎತ್ತಿದರೆ ಎರಡೂ ಕಡೆ ಲಾಭ: ಪೋರ್ಟ್‌ನ ಔಟ್‌ಪುಟ್ ಬೇಕಾದ ಜಾಗಕ್ಕೆ ಬರುತ್ತೆ, ಇಂಪಿಡೆನ್ಸ್ ಇಳಿದು ಆಂಪ್‌ನಿಂದ ಹೆಚ್ಚು ಕರೆಂಟ್ ಹರಿಯುತ್ತೆ.

ಲೆಕ್ಕ. ಪೋರ್ಟ್ ಅಗಲ ಮಾಡಿ. ಲೀಟರಿಗೆ 3 ಚದರ ಸೆಂಮೀ ಹಾಡಿಗೆ ಸಾಕು, ಬರ್ಪ್‌ಗೆ ಕಡಿಮೆ. 4ಕ್ಕೆ ಹೋಗಿ: 440 ಚದರ ಸೆಂಮೀ, ಉದಾಹರಣೆಗೆ 40 × 11. ಪೋರ್ಟ್‌ನಲ್ಲಿ ಗಾಳಿಯ ವೇಗ ಸೆಕೆಂಡಿಗೆ 30 ಮೀಟರ್ ದಾಟಿದ ಮೇಲೆ ಸುಳಿ ಎದ್ದು ಔಟ್‌ಪುಟ್ ತಿನ್ನೋಕೆ ಶುರುವಾಗುತ್ತೆ. ಆ ಸೊಂಯ್ ಸದ್ದಿಗೆ ಸ್ಪರ್ಧೆಯಲ್ಲಿ ಯಾರೂ ಅಂಕ ಕಳೆಯಲ್ಲ, ಆದರೆ ಹೋದ ಡಿಬಿ ಹೋದದ್ದೇ.

110 ಲೀಟರ್, 440 ಚದರ ಸೆಂಮೀ, ಶಬ್ದದ ವೇಗ 343 ಮೀಟರ್ ಹಿಡಿದರೆ:

42 ಹರ್ಟ್ಜ್‌ಗೆ ಪರಿಣಾಮಕಾರಿ ಉದ್ದ 67.6 ಸೆಂಮೀ
45 ಹರ್ಟ್ಜ್‌ಗೆ 58.9
48 ಹರ್ಟ್ಜ್‌ಗೆ 51.7

ಇದರಲ್ಲಿ ಎರಡು ತುದಿಗಳ ತಿದ್ದುಪಡಿ ಕಳೆಯಬೇಕು. ಅಷ್ಟೇ ವಿಸ್ತೀರ್ಣದ ವೃತ್ತದ ತ್ರಿಜ್ಯ 11.8 ಸೆಂಮೀ, ಅದರ 1.46 ಪಟ್ಟು ಅಂದರೆ 17.3. ಉಳಿಯೋದು 42ಕ್ಕೆ ಸುಮಾರು 50 ಸೆಂಮೀ, 45ಕ್ಕೆ 41.5, 48ಕ್ಕೆ 34.5. ಬಾಕ್ಸ್ ಗೋಡೆಯನ್ನೇ ಹಂಚಿಕೊಳ್ಳೋ ಸ್ಲಾಟ್‌ನಲ್ಲಿ ತಿದ್ದುಪಡಿ ಇನ್ನೂ ಹೆಚ್ಚು, ಹಾಗಾಗಿ ನಿಜವಾದ ಟ್ಯೂನಿಂಗ್ ಲೆಕ್ಕಕ್ಕಿಂತ ಸ್ವಲ್ಪ ಕೆಳಗೇ ಬೀಳುತ್ತೆ. ಚಿಂತೆ ಬೇಡ, ಉದ್ದ ಇದ್ದರೆ ಕತ್ತರಿಸಬಹುದು, ಗಿಡ್ಡ ಆದರೆ ಬೆಳೆಸೋಕಾಗಲ್ಲ. 50ರಿಂದ ಶುರು ಮಾಡಿ 3 ಸೆಂಮೀ ಪ್ರಕಾರ ಕತ್ತರಿಸುತ್ತಾ ಬನ್ನಿ. ಪ್ರತಿ ಸಲ ಸುಮಾರು 1 ಹರ್ಟ್ಜ್ ಮೇಲೇರುತ್ತೆ. ಪೋರ್ಟ್‌ನ ಒಳಪಟ್ಟಿಯನ್ನು ಅಂಟಿಸದೆ ಸ್ಕ್ರೂ ಮತ್ತು ಗ್ಯಾಸ್ಕೆಟ್ ಟೇಪ್‌ನಲ್ಲಿ ನಿಲ್ಲಿಸಿದರೆ ಈ ಕೆಲಸ ಸಲೀಸು. 62 ಸೆಂಮೀಯ ಹಳೆ ಪೋರ್ಟ್ 20 ಲೀಟರ್ ತಿನ್ನುತ್ತಿತ್ತು, 50ರ ಹೊಸದು 22 ತಿನ್ನುತ್ತೆ. ನಿವ್ವಳ ಲೀಟರ್ ಹೆಚ್ಚುಕಡಿಮೆ ಹಾಗೇ ಉಳಿಯುತ್ತೆ.

ಟ್ಯೂನಿಂಗ್ ಎಲ್ಲಿದೆ ಅಂತ ತಿಳಿಯೋಕೆ ಬಾಕ್ಸ್ ಹೊರಗಿಟ್ಟು ಸಣ್ಣ ಸದ್ದಿನಲ್ಲಿ ಫ್ರೀಕ್ವೆನ್ಸಿ ಬದಲಿಸುತ್ತಾ ಕೋನ್ ನೋಡಿ. ಎಲ್ಲಿ ಕೋನ್ ಹೆಚ್ಚುಕಡಿಮೆ ನಿಂತೇ ಹೋಗಿ ಪೋರ್ಟ್‌ನಿಂದ ಗಾಳಿ ನುಗ್ಗುತ್ತೋ ಅದೇ ಟ್ಯೂನಿಂಗ್. ಸ್ಪರ್ಧೆಯಲ್ಲಿ ನಿಮ್ಮ ಅತಿ ಗಟ್ಟಿ ಫ್ರೀಕ್ವೆನ್ಸಿ ಸಾಮಾನ್ಯವಾಗಿ ಅದಕ್ಕಿಂತ ಒಂದೆರಡು ಹರ್ಟ್ಜ್ ಮೇಲೆ ಸಿಗುತ್ತೆ.

ಫೋನ್ ಆಪ್: ಬೇಡ. ಈ ಮಟ್ಟಕ್ಕೆ ಫೋನ್ ಮೈಕ್ ಎಂದೋ ಕ್ಲಿಪ್ ಆಗಿರುತ್ತೆ (ಮಿತಿ ದಾಟಿ ಅಲೆಯ ತಲೆ ಕತ್ತರಿಸಿಹೋಗಿರುತ್ತೆ). 130 ಡಿಬಿವರೆಗಿನ ಸಾಧಾರಣ ಮೀಟರ್ ಇದ್ದರೆ ಉಪಾಯ ಇದೆ. ಔಟ್‌ಪುಟ್ 48ರ ಬದಲು 4.8 ವೋಲ್ಟ್‌ಗೆ ಇಳಿಸಿ. ಹತ್ತನೇ ಒಂದು ವೋಲ್ಟೇಜ್ ಅಂದರೆ ಸರಿಯಾಗಿ 20 ಡಿಬಿ ಕಡಿಮೆ, ನಿಮ್ಮ 142 ಈಗ 122 ಆಯಿತು. ವೇಟಿಂಗ್ ಅಂದರೆ ಯಾವ ಫ್ರೀಕ್ವೆನ್ಸಿಯನ್ನು ಎಷ್ಟು ಎಣಿಸಬೇಕು ಅನ್ನೋ ಮೀಟರ್‌ನ ಸೆಟ್ಟಿಂಗ್; ಅದು ಕಡ್ಡಾಯವಾಗಿ ಸಿ ಆಗಿರಲಿ. ಎ ವೇಟಿಂಗ್ 50 ಹರ್ಟ್ಜ್‌ನಲ್ಲಿ 30 ಡಿಬಿ ನುಂಗಿಹಾಕುತ್ತೆ, ಸಿ ನುಂಗೋದು ಒಂದೂಕಾಲು ಅಷ್ಟೇ. ಪ್ರತಿ ಫ್ರೀಕ್ವೆನ್ಸಿಗೂ ಅದೇ 4.8 ವೋಲ್ಟ್ ಇಟ್ಟು ಸ್ವೀಪ್ ಮಾಡಿ. ಇದರಲ್ಲಿ ಸಿಗೋದು ಗುಡ್ಡದ ಆಕಾರ, ಎತ್ತರ ಅಲ್ಲ. ಪೂರ್ತಿ ಪವರ್‌ನಲ್ಲಿ ಪೋರ್ಟ್‌ನೊಳಗೆ ಗಾಳಿ ಬಿಗಿಯುತ್ತೆ, ತಗಡು ಬಾಗುತ್ತೆ, ತುದಿ ಒಂದು ಹರ್ಟ್ಜ್ ಆಚೀಚೆ ಸರಿಯಬಹುದು.

ತಾಮ್ರದತಂತಿ:

ಮೇಲಿನವರು ಹೇಳಿದ ಹಾಗೆ ಇಂಪಿಡೆನ್ಸ್ ಇಳಿಸಿದರೆ ಕರೆಂಟ್ ಏರುತ್ತೆ. ಈಗಲೇ 12.7ಕ್ಕೆ ಇಳಿಯೋ ಸಿಸ್ಟಂ ಆಗ ಎಲ್ಲಿಗೆ ಇಳಿಯುತ್ತೆ? ಹಾಗಾಗಿ ಪೋರ್ಟ್ ಕತ್ತರಿಸೋ ಮೊದಲು ವಿದ್ಯುತ್ ಕಡೆ ನೋಡಿ.

12.7 ಅನ್ನೋ ಅಂಕಿಯೇ ಕಾರಣ ಹೇಳ್ತಿದೆ. ಪೂರ್ತಿ ಚಾರ್ಜ್ ಆದ ಎಜಿಎಂ ಸುಮ್ಮನಿದ್ದಾಗ ಸುಮಾರು 12.8 ವೋಲ್ಟ್. ಐಡಲ್‌ನಲ್ಲಿ ಆಲ್ಟರ್ನೇಟರ್ ತನ್ನ ಪೂರ್ತಿ ಕರೆಂಟ್ ಕೊಡಲ್ಲ. ಬೇಡಿಕೆ ಅದನ್ನು ದಾಟಿದ ಕ್ಷಣ ಇಡೀ ಸಿಸ್ಟಂ ಬ್ಯಾಟರಿಯ ಸ್ವಂತ ವೋಲ್ಟೇಜ್‌ಗೆ ಕುಸಿಯುತ್ತೆ. ಮೊದಲ ಔಷಧ ಪುಕ್ಕಟೆ: ಐಡಲ್ ಬಿಟ್ಟು 1500–2000 ಆರ್‌ಪಿಎಂನಲ್ಲಿ ಹಿಡಿದು ಬರ್ಪ್ ಮಾಡಿ, ಎಸಿ, ಹೆಡ್‌ಲೈಟ್, ಫ್ಯಾನ್ ಎಲ್ಲ ಆಫ್. ನಿಯಮದಲ್ಲಿ ಆರ್‌ಪಿಎಂ ಮಿತಿ ಇದೆಯಾ ನೋಡಿಕೊಳ್ಳಿ.

ಆಮೇಲೆ ವೈರ್. ಸಿಸಿಎ ಅಂದರೆ ತಾಮ್ರ ಬಳಿದ ಅಲ್ಯೂಮಿನಿಯಂ. ಅಪ್ಪಟ ತಾಮ್ರದ 1/0 ಮೀಟರಿಗೆ ಸುಮಾರು 0.32 ಮಿಲಿಓಮ್, ಸಿಸಿಎ ಅದರ ಒಂದೂವರೆ ಪಟ್ಟು. ನಿಮ್ಮ 5 ಮೀಟರ್ ಸಿಸಿಎ 2.5 ಮಿಲಿಓಮ್, 200 ಆಂಪಿಯರ್ ಹರಿದರೆ ಅರ್ಧ ವೋಲ್ಟ್ ಅಲ್ಲೇ ಮಾಯ. ಆದರೆ ಊಹೆ ಮಾಡಿ ವೈರ್ ಬದಲಿಸೋದಲ್ಲ. ಮಲ್ಟಿಮೀಟರ್‌ನ ಒಂದು ಕಡ್ಡಿ ಮುಂದಿನ ಬ್ಯಾಟರಿಯ ಪ್ಲಸ್‌ಗೆ, ಇನ್ನೊಂದು ಆಂಪ್‌ನ ಪ್ಲಸ್‌ಗೆ ಇಟ್ಟು ಬರ್ಪ್ ಮಾಡಿ. ಕಾಣೋ ಅಂಕಿ ಆ ದಾರಿಯಲ್ಲಿ ಕಳೆದುಹೋದ ವೋಲ್ಟೇಜ್. ಹಾಗೇ ಮೈನಸ್‌ನಿಂದ ಮೈನಸ್‌ಗೆ. ಪ್ರತಿ ಕಡೆ 0.2–0.3ರೊಳಗೆ ಇರಲಿ. ಮೈನಸ್ ಕಡೆ ಹೆಚ್ಚಿದ್ದರೆ ಬಣ್ಣ ಕೆರೆಯದೆ ತಗಡಿಗೆ ಬಿಗಿದ ಗ್ರೌಂಡ್ ಅಥವಾ ಸಡಿಲ ಲಗ್ ಇರುತ್ತೆ. ಬರ್ಪ್ ಆದ ತಕ್ಷಣ ಪ್ರತಿ ಜಾಯಿಂಟ್‌ಗೂ ಬೆರಳು ಮುಟ್ಟಿಸಿ ನೋಡಿ; ಬೆಚ್ಚಗಿರೋದೇ ಕಳ್ಳ. ಫ್ಯೂಸ್ ಹೋಲ್ಡರ್ ಈ ವಿಷಯದಲ್ಲಿ ಹಳೇ ಅಪರಾಧಿ.

ಬಾನೆಟ್ ಕೆಳಗಿನ ಮೂರು ದಾರಿಗಳನ್ನೂ ದಪ್ಪ ಮಾಡಿ: ಆಲ್ಟರ್ನೇಟರ್ ಪ್ಲಸ್‌ನಿಂದ ಬ್ಯಾಟರಿ ಪ್ಲಸ್, ಬ್ಯಾಟರಿ ಮೈನಸ್‌ನಿಂದ ಚಾಸಿ, ಎಂಜಿನ್ ಬ್ಲಾಕ್‌ನಿಂದ ಚಾಸಿ.

ಇಷ್ಟಾದರೂ ಎಜಿಎಂ ಇರೋವರೆಗೆ ಬರ್ಪ್‌ನಲ್ಲಿ 13ರ ಮೇಲೆ ನಿಲ್ಲಿಸೋದು ಕಷ್ಟ. ಅದಕ್ಕೇ ಸ್ಪರ್ಧಿಗಳು ಎಲ್‌ಟಿಒ (ಲಿಥಿಯಂ ಟೈಟನೇಟ್ ಬ್ಯಾಟರಿ) ಕಡೆ ಹೋಗೋದು. 6 ಸೆಲ್ ಸೀರೀಸ್ ಅಂದರೆ ಸೆಲ್‌ಗೆ 2.4 ಲೆಕ್ಕದಲ್ಲಿ 14.4 ವೋಲ್ಟ್, ಒಳಗಿನ ರೆಸಿಸ್ಟೆನ್ಸ್ ಬಹಳ ಕಡಿಮೆ. 12.7ರಿಂದ 14.4ಕ್ಕೆ ತಂದರೆ ಲೋಡ್ ಅದೇ ಇದ್ದರೂ 1.1 ಡಿಬಿ ನಿಮ್ಮದು. ಒಂದು ಎಚ್ಚರ: ಎಲ್‌ಟಿಒ ಮತ್ತು ಎಜಿಎಂ ನೇರ ಪ್ಯಾರಲಲ್ ಬಿಟ್ಟು ಎಂಜಿನ್ ಆಫ್ ಮಾಡಿದರೆ ಎಲ್‌ಟಿಒ ತನ್ನ ಚಾರ್ಜನ್ನೆಲ್ಲ ಎಜಿಎಂಗೆ ಸುರಿದು ಅದರ ಮಟ್ಟಕ್ಕೆ ಇಳಿದು ಕೂರುತ್ತೆ. ನಡುವೆ ಐಸೊಲೇಟರ್ ಇರಲಿ. ಪ್ರತಿ ಬ್ಯಾಟರಿಯಿಂದ 45 ಸೆಂಮೀ ಒಳಗೆ ಫ್ಯೂಸ್ ಕಡ್ಡಾಯ, ಸ್ಪ್ಯಾನರ್ ಹಿಡಿಗೆ ಟೇಪ್ ಸುತ್ತಿಕೊಳ್ಳಿ. ಆ ಸೆಲ್‌ಗಳ ಮೇಲೆ ಸ್ಪ್ಯಾನರ್ ಬಿದ್ದರೆ ಅದು ವೆಲ್ಡಿಂಗ್ ರಾಡ್.

ಡಿಕ್ಕಿ_ಗುಡುಗು:

ಅರ್ಥ ಆಯ್ತು. ಆದರೆ ಪೋರ್ಟ್ ಬಿಟ್ಟು ಸೀದಾ ಡ್ಯುಯಲ್ 2 ಓಮ್‌ಗೆ ರೀಕೋನ್ ಮಾಡಿಸಿ (ವೂಫರ್‌ನ ಕೋನ್, ಕಾಯಿಲ್ ಬದಲಿಸಿ) 0.5 ಓಮ್‌ಗೆ ಓಡಿಸಿದರೆ? ಹೇಗೂ ಏರಿ 1.3 ಆಗುತ್ತಲ್ಲ.

ಪೋರ್ಟ್‌ಲೆಕ್ಕ:

ಅದು ಕೊನೆಯ ಹೆಜ್ಜೆ, ಮೊದಲನೆಯದಲ್ಲ. 44ರಲ್ಲಿ 1.3 ಆಗುತ್ತೆ ನಿಜ, ಆದರೆ ನಿಮ್ಮದೇ ಪಟ್ಟಿಯಲ್ಲಿ 36ರಲ್ಲಿ 1.5 ಇತ್ತು. ಅರ್ಧ ಮಾಡಿದರೆ 0.75. ಕೈತಪ್ಪಿ ಆ ಫ್ರೀಕ್ವೆನ್ಸಿಯ ಟೋನ್ ಬಿಟ್ಟರೆ, ಅಥವಾ ಬಾಗಿಲು ತೆಗೆದು ಹಾಡು ಹಾಕಿದರೆ, ಆಂಪ್ ಪ್ರೊಟೆಕ್ಟ್‌ಗೆ ಹೋದರೆ ಪುಣ್ಯ, ಇಲ್ಲದಿದ್ದರೆ ಮಾಸ್‌ಫೆಟ್‌ಗಳ (ಆಂಪ್‌ನ ಪವರ್ ಟ್ರಾನ್ಸಿಸ್ಟರ್‌ಗಳ) ಹೊಗೆ. ಹೊಸ ಪೋರ್ಟ್ ಹಾಕಿ, ಹೊಸ ಬರ್ಪ್ ಫ್ರೀಕ್ವೆನ್ಸಿಯಲ್ಲಿ ಮತ್ತೆ ಕ್ಲಾಂಪ್ ಹಿಡಿದು ನೋಡಿ. ಆಗಲೂ 2ರ ಮೇಲೆ ಇದ್ದರೆ ಮಾತ್ರ ರೀಕೋನ್ ಬಗ್ಗೆ ಯೋಚಿಸಿ.

ಗ್ಲಾಸ್_ಒಡೆದೀತು:

ಇಬ್ಬರೂ ಹಣದ ದಾರಿ ಹೇಳಿದರು, ನಾನು ಟೇಪ್ ಅಳತೆಯ ದಾರಿ ಹೇಳ್ತೇನೆ.

ಹ್ಯಾಚ್‌ಬ್ಯಾಕ್‌ನಲ್ಲಿ ಮೊದಲು ವೂಫರ್ ಮತ್ತು ಪೋರ್ಟ್ ಎರಡೂ ಹಿಂದಿನ ಬಾಗಿಲ ಕಡೆ ಮುಖ ಮಾಡಿ ನೋಡಿ. ಬಾಗಿಲ ಹತ್ತಿರದಿಂದ ಶುರು ಮಾಡಿ 5 ಸೆಂಮೀ ಪ್ರಕಾರ ಮುಂದೆ ಎಳೆಯಿರಿ, ಪ್ರತಿ ಜಾಗದಲ್ಲೂ ಮೂರು ಫ್ರೀಕ್ವೆನ್ಸಿ. ಬಾಕ್ಸ್ ಸರಿದಂತೆ ಗುಡ್ಡದ ತುದಿಯೂ ಸರಿಯುತ್ತೆ, ಹಾಗಾಗಿ ಒಂದೇ ಫ್ರೀಕ್ವೆನ್ಸಿಯಲ್ಲಿ ಅಳೆದು ಜಾಗ ಕೆಟ್ಟದ್ದು ಅಂತ ತೀರ್ಮಾನ ಮಾಡಬೇಡಿ. ಬರೀ ಜಾಗ ಬದಲಿಸಿಯೇ ಒಂದು ಡಿಬಿ ಆಚೀಚೆ ಆಗೋದುಂಟು. ಮುಂದಿನ ಸೀಟು ಹಿಂದೆ, ಮುಂದೆ, ಒರಗಿಸಿ, ನೇರ ಮಾಡಿ, ಎಲ್ಲವನ್ನೂ ಬೇರೆ ಬೇರೆ ಅಳೆಯಿರಿ. ಒಂದು ಸಲಕ್ಕೆ ಒಂದೇ ಬದಲಾವಣೆ, ಪುಸ್ತಕದಲ್ಲಿ ಬರೆದಿಡಿ.

ಸೋರಿಕೆ ಹುಡುಕಿ. ಎಲ್ಲರೂ ಬಾಗಿಲ ರಬ್ಬರ್ ನೋಡ್ತಾರೆ, ಹಿಂದಿನ ಬಂಪರ್ ಒಳಗಿನ ಗಾಳಿ ಕಿಂಡಿ ಮರೀತಾರೆ. ಬಾಗಿಲು ಹಾಕಿದಾಗ ಒಳಗಿನ ಗಾಳಿ ಹೊರಹೋಗೋಕೆ ಅಂತ ಕಂಪನಿಯೇ ಇಟ್ಟ ರಬ್ಬರ್ ಮುಚ್ಚಳಗಳು ಅವು. ಬರ್ಪ್‌ನಲ್ಲಿ ಪಟಪಟ ಬಡಿದುಕೊಂಡು ಒತ್ತಡ ಬಿಟ್ಟುಕೊಡುತ್ತವೆ. ನಿಯಮ ಒಪ್ಪಿದರೆ ಸ್ಪರ್ಧೆಯ ದಿನ ಟೇಪ್ ಹಾಕಿ ಮುಚ್ಚಿ, ವಾಪಸ್ ಬರುವಾಗ ಬಿಚ್ಚಿ. ಮುಚ್ಚಿದ್ದರೆ ಬಾಗಿಲು ಹಾಕೋದೇ ಕಷ್ಟ. ಎಸಿ ಆಫ್ ಇದ್ದರೂ ಅದರ ಗಾಳಿ ಗುಂಡಿಯನ್ನು ರೀಸರ್ಕ್ಯುಲೇಷನ್‌ಗೆ ಇಡಿ, ಇಲ್ಲದಿದ್ದರೆ ಮುಂದಿನ ಗಾಳಿ ದಾರಿ ತೆರೆದೇ ಇರುತ್ತೆ.

ಇನ್ನು ಬಾಗೋದು. 147 ಡಿಬಿ ಅಂದರೆ ಸುಮಾರು 450 ಪಾಸ್ಕಲ್. ಒಂದು ಚದರ ಮೀಟರ್ ಗ್ಲಾಸ್ ಮೇಲೆ 45 ಕಿಲೋ ತೂಕದಷ್ಟು ಬಲ, ಸೆಕೆಂಡಿಗೆ 45 ಸಲ ಆಚೆ ತಳ್ಳಿ ಈಚೆ ಎಳೆಯುತ್ತೆ. ರೂಫ್, ಹಿಂದಿನ ಬಾಗಿಲು, ಗ್ಲಾಸ್ ಎಷ್ಟು ಬಾಗುತ್ತವೋ ಅಷ್ಟು ಒತ್ತಡ ಮೀಟರ್‌ಗೆ ಸಿಗಲ್ಲ. ರೂಫ್ ಮತ್ತು ಹಿಂದಿನ ಬಾಗಿಲಿಗೆ ಬ್ಯುಟೈಲ್ ಶೀಟ್ ಎರಡು ಪದರ, ರೋಲರ್ ಹಾಕಿ ಗಾಳಿ ಗುಳ್ಳೆ ಉಳಿಯದ ಹಾಗೆ ಒತ್ತಿ. ಗ್ಲಾಸಿಗೆ ಆಧಾರ ಕೊಡೋದು, ಬಾಗಿಲನ್ನು ಹೊರಗಿನಿಂದ ಒತ್ತಿ ಹಿಡಿಯೋದು ಕೆಲವು ಕ್ಲಾಸ್‌ನಲ್ಲಿ ಮಾತ್ರ ಒಪ್ಪಿತ. ಬಾಕ್ಸ್‌ಗೂ ಇದೇ ಮಾತು: ವೂಫರ್ ಕೂರೋ ಹಲಗೆ 18 ಮಿಮೀಯದು ಎರಡು ಪದರ, ಒಳಗೆ ಅಡ್ಡಪಟ್ಟಿ. ಅಡ್ಡಪಟ್ಟಿ ತಿಂದ ಲೀಟರನ್ನು ನಿವ್ವಳದಿಂದ ಕಳೆಯೋದು ಮರೆಯಬೇಡಿ.

ಒಂದು ವಿಷಯ ಯಾರೂ ಹೇಳಲಿಲ್ಲ: ಬಿಸಿಲು. ಶಬ್ದದ ವೇಗ 20 ಡಿಗ್ರಿಯಲ್ಲಿ ಸೆಕೆಂಡಿಗೆ 343 ಮೀಟರ್, 35ರಲ್ಲಿ 352. ಬೆಳಿಗ್ಗೆ 45ರಲ್ಲಿದ್ದ ನಿಮ್ಮ ತುದಿ ಮಧ್ಯಾಹ್ನ 46ರ ಮೇಲಿರುತ್ತೆ. ಬೆಳಿಗ್ಗೆ ಟ್ಯೂನ್ ಮಾಡಿ ಮಧ್ಯಾಹ್ನ ಅದೇ ಟೋನ್ ಹಾಕಿ ಅರ್ಧ ಡಿಬಿ ಎಲ್ಲಿ ಹೋಯ್ತು ಅಂತ ತಲೆ ಕೆರೆದುಕೊಳ್ಳೋದು ಇದಕ್ಕೇ. 43ರಿಂದ 49ರವರೆಗೆ ಅರ್ಧರ್ಧ ಹರ್ಟ್ಜ್‌ನ ಟೋನ್‌ಗಳನ್ನು ಡಬ್ಲ್ಯುಎವಿ ಫೈಲ್ ಆಗಿ ಇಟ್ಟುಕೊಳ್ಳಿ.

ತಾಮ್ರದತಂತಿ:

ಗೇನ್ ಬಗ್ಗೆ ಎರಡು ಮಾತು ಸೇರಿಸ್ತೇನೆ. ಬಾಸ್ ಬೂಸ್ಟ್, ಲೌಡ್‌ನೆಸ್, ಈಕ್ಯೂ ಎಲ್ಲ ಸೊನ್ನೆ. ಲೋಪಾಸ್ (ಮೇಲಿನ ಫ್ರೀಕ್ವೆನ್ಸಿ ಕತ್ತರಿಸೋ ಫಿಲ್ಟರ್) ಪೂರ್ತಿ ಮೇಲಕ್ಕೆ, ಸಬ್‌ಸಾನಿಕ್ (ತೀರಾ ಕೆಳಗಿನದನ್ನು ಕತ್ತರಿಸೋದು) 25ರ ಹತ್ತಿರ. ಸಬ್‌ಸಾನಿಕ್ 40ಕ್ಕೆ ತಿರುಗಿಸಿಟ್ಟರೆ ನಿಮ್ಮ ಬರ್ಪನ್ನೇ ಅದು ಕತ್ತರಿಸುತ್ತೆ. ಆಸಿಲೋಸ್ಕೋಪ್ ಮೊದಲು ಹೆಡ್ ಯೂನಿಟ್ ಔಟ್‌ಪುಟ್‌ಗೆ ಹಾಕಿ, ವಾಲ್ಯೂಮ್ ಎಷ್ಟಕ್ಕೆ ತಲೆ ಚಪ್ಪಟೆಯಾಗುತ್ತೆ ನೋಡಿ, ಅದಕ್ಕಿಂತ ಒಂದೆರಡು ಹೆಜ್ಜೆ ಕೆಳಗೆ ನಿಲ್ಲಿಸಿ. ಆಮೇಲೆ ಆಂಪ್ ಔಟ್‌ಪುಟ್‌ನಲ್ಲಿ, ಬರ್ಪ್ ಫ್ರೀಕ್ವೆನ್ಸಿಯಲ್ಲೇ, ಲೋಡ್ ಇಟ್ಟುಕೊಂಡೇ ಗೇನ್ ಏರಿಸಿ. ಲೋಡ್ ಇಲ್ಲದೆ ಹೊಂದಿಸಿದ ಗೇನ್ ವೋಲ್ಟೇಜ್ ಕುಸಿದಾಗ ಕ್ಲಿಪ್ ಆಗುತ್ತೆ.

ಸ್ಪರ್ಧೆಯಲ್ಲಿ ಬೇಕಂತಲೇ ಸ್ವಲ್ಪ ಕ್ಲಿಪ್ ಮಾಡೋರಿದ್ದಾರೆ, ಒಂದೆರಡು ಹತ್ತನೇ ಡಿಬಿ ಸಿಗಲೂಬಹುದು. ಬೆಲೆ ಕಾಯಿಲ್ ಕಟ್ಟುತ್ತೆ. ತಾಮ್ರ ಡಿಗ್ರಿಗೆ 0.39 ಶೇಕಡಾ ರೆಸಿಸ್ಟೆನ್ಸ್ ಏರಿಸಿಕೊಳ್ಳುತ್ತೆ. 200 ಡಿಗ್ರಿ ಏರಿದ ಕಾಯಿಲ್ ತಣ್ಣಗಿದ್ದಾಗಿನ 1.78 ಪಟ್ಟು. ಅದೇ ವೋಲ್ಟೇಜ್‌ಗೆ ಕಾಯಿಲ್ ಎಳೆದುಕೊಳ್ಳೋ ಪವರ್ ಹತ್ತಿರಹತ್ತಿರ ಅರ್ಧ. ಅಂದರೆ ಬೆನ್ನುಬೆನ್ನಿಗೆ ಹತ್ತು ಬರ್ಪ್ ಹಾಕಿ ಅಳೆದರೆ ಹತ್ತನೆಯದು ಸುಳ್ಳು ಹೇಳುತ್ತೆ. ಎರಡರ ನಡುವೆ ಮೂರ್ನಾಲ್ಕು ನಿಮಿಷ ಬಿಡಿ, ಅಂಟು ಸುಟ್ಟ ವಾಸನೆ ಬಂದರೆ ಆ ದಿನಕ್ಕೆ ಮುಗಿಸಿ.

ನಾಲ್ಕೂ ಕಾಯಿಲ್ ಒಂದೇ ದಿಕ್ಕಿನಲ್ಲಿವೆಯಾ ಅಂತಲೂ ನೋಡಿಬಿಡಿ. ಆಂಪ್‌ನಿಂದ ವೈರ್ ಬಿಚ್ಚಿ 1.5 ವೋಲ್ಟ್ ಸೆಲ್ ಮುಟ್ಟಿಸಿದಾಗ ಎರಡೂ ಕೋನ್ ಹೊರಗೆ ಬರಬೇಕು. ಒಂದೇ ವೂಫರ್‌ನ ಎರಡು ಕಾಯಿಲ್ ತಿರುಗುಮುರುಗಾಗಿದ್ದರೆ ಕೋನ್ ಅಲುಗೋದೇ ಇಲ್ಲ.

ಟೋನ್ ಬಿಡುವಾಗ ಕಾರಿನೊಳಗೆ ಯಾರೂ ಇರಬಾರದು, ಉದ್ದ ವೈರ್‌ನ ಸ್ವಿಚ್ ಹೊರಗಿರಲಿ. ಹೊರಗೆ ನಿಂತವರಿಗೂ ಇಯರ್‌ಪ್ಲಗ್, ಅದರ ಮೇಲೆ ಇಯರ್‌ಮಫ್.

ಡಿಕ್ಕಿ_ಗುಡುಗು:

ಸರಿ, ಕ್ರಮ ಹೀಗೆ ಇಟ್ಟುಕೊಳ್ತೇನೆ: ವೋಲ್ಟೇಜ್ ಡ್ರಾಪ್ ಅಳತೆ, ವೈರ್, ಬಾಕ್ಸ್ ಜಾಗ, ಆಮೇಲೆ 440ರ ಪೋರ್ಟ್ 50 ಸೆಂಮೀಯಿಂದ. ಪೋರ್ಟ್ ಕತ್ತರಿಸಿದ ಮೇಲೆ ಬಾಕ್ಸ್ ಜಾಗ ಮತ್ತೆ ನೋಡಬೇಕಾ?

ಗ್ಲಾಸ್_ಒಡೆದೀತು:

ನೋಡಲೇಬೇಕು. ಪೋರ್ಟ್ ಬಾಯಿಗೂ ಹಿಂದಿನ ಬಾಗಿಲಿಗೂ ನಡುವಿನ ಸಂದು ಕಡಿಮೆಯಾದರೆ ಅದೂ ಪೋರ್ಟ್‌ನ ಉದ್ದಕ್ಕೇ ಸೇರಿಕೊಂಡ ಹಾಗೆ, ಟ್ಯೂನಿಂಗ್ ಕೆಳಗೆ ಜಾರುತ್ತೆ. 11 ಸೆಂಮೀ ಎತ್ತರದ ಸ್ಲಾಟ್‌ಗೆ ಕನಿಷ್ಠ 11 ಸೆಂಮೀ ಜಾಗ ಬಿಟ್ಟು ಶುರು ಮಾಡಿ.

ಪೋರ್ಟ್‌ಲೆಕ್ಕ:

ಮತ್ತೆ ಕೊನೆಯ ಒಂದು ಸೆಂಮೀ ಬಂದಾಗ ಗರಗಸ ಬಿಡಿ. ಪೋರ್ಟ್‌ನೊಳಗೆ ತೆಳು ಪ್ಲೈವುಡ್ ತುಂಡು ಇಟ್ಟು ವಿಸ್ತೀರ್ಣ ಕಡಿಮೆ ಮಾಡಿದರೆ ಟ್ಯೂನಿಂಗ್ ಇಳಿಯುತ್ತೆ. ಇಳಿಸಿದಾಗ ಡಿಬಿ ಕಡಿಮೆಯಾದರೆ ಇನ್ನೂ ಕತ್ತರಿಸಬಹುದು ಅಂತ, ಹೆಚ್ಚಾದರೆ ಆಗಲೇ ಒಂದು ತುಂಡು ಜಾಸ್ತಿ ಕತ್ತರಿಸಿದ್ದೀರಿ ಅಂತ.